ಮರಳುಗಾಡಿನ ಲಾರಿಯವರು: ಕಾದ ದಿನಕ್ಕೆ ಕೂಲಿ ಯಾರು ಕೊಟ್ಟರು?

(ಸಂಘದ ರಾತ್ರಿ ಶಾಲೆಯ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಮಾತನಾಡಲು ವಕೀಲರು, ಪ್ರಾಧ್ಯಾಪಕರು ಬರುವುದು ವಾಡಿಕೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಗೆ ಬಂದು, ಗ್ಲಾಸು ತೊಳೆದು, ಮೇಜು ಒರಸಿ, ಆ ಮೇಲೆ ಸಂಘದ ಕೆಲಸಕ್ಕೆ ಇಳಿದವನು. ಆದುದರಿಂದ ನನ್ನ ಮಾತು ನಮ್ಮ ನಿಮ್ಮ ಮಾತಾಗಿಯೇ ಇರುತ್ತದೆ.

ಇಂದಿನ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ನಮ್ಮ ಹುಡುಗರಲ್ಲಿ ಕೆಲವರು ಭಾರಿ ವಾಹನದ ಲೈಸೆನ್ಸು ಮಾಡಿಸಿಕೊಂಡು ಕೊಲ್ಲಿ ದೇಶಗಳಿಗೆ ಹೊರಡುವ ಸನ್ನಾಹದಲ್ಲಿದ್ದಾರೆ. ಅವರಿಗೆ ಪಗಾರದ ಅಂಕಿ ಗೊತ್ತು, ಮಿಕ್ಕದ್ದು ಗೊತ್ತಿಲ್ಲ. ಆ ಮರಳುಗಾಡಿನಲ್ಲಿ ಬಹಳ ಹಿಂದೆಯೇ ಲಾರಿ ಓಡಿಸಿದ ಒಂದು ವರ್ಗದ ಕೆಲಸಗಾರರಿದ್ದರು. ಅವರು ಇಂಗ್ಲೆಂಡಿನ ಚಾಲಕರು. 1970ರ ದಶಕದಲ್ಲಿ ತಮ್ಮ ಊರಿನಿಂದ ಅರಬಸ್ಥಾನದವರೆಗೆ ರಸ್ತೆಯ ಮೇಲೆಯೇ ಸಾಮಾನು ಸಾಗಿಸಿದವರು. ಮುಪ್ಪಿನಲ್ಲಿ ಅವರು ತಮ್ಮ ನೆನಪುಗಳನ್ನು ಹೇಳಿದ್ದಾರೆ, ಬರೆದಿದ್ದಾರೆ. ಇಂಗ್ಲಿಷು ಬಲ್ಲ ನಮ್ಮ ಸಂಘದ ಮಿತ್ರರು ಅವನ್ನು ಓದಿ ನನಗೆ ಕನ್ನಡದಲ್ಲಿ ತಿಳಿಸಿದರು. ಕೇಳುತ್ತ ಕೇಳುತ್ತ, ಇದು ನಮ್ಮ ಕಥೆಯೇ ಅಲ್ಲವೇ ಎಂದು ನನಗನಿಸಿತು.

ಹಡಗು ಇರುವಾಗ ಲಾರಿ ಏಕೆ ಎಂದು ನೀವು ಕೇಳಬಹುದು. 1967ರ ಯುದ್ಧದಲ್ಲಿ ಸೂಯೆಜ್ ಕಾಲುವೆ ಮುಚ್ಚಿತು. ಅದು ಮತ್ತೆ ತೆರೆದದ್ದು 1975ರ ಜೂನಿನಲ್ಲಿ. ಅಲ್ಲಿಯವರೆಗೆ ಯುರೋಪಿನ ಹಡಗುಗಳು ಆಫ್ರಿಕವನ್ನೆಲ್ಲ ಸುತ್ತಿ ಬರಬೇಕಾಗಿತ್ತು. ಈ ನಡುವೆ 1973ರ ಕೊನೆಯಲ್ಲಿ ಮತ್ತೊಂದು ಯುದ್ಧವಾಗಿ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದದ್ದು ಹನ್ನೆರಡರ ಹತ್ತಿರಕ್ಕೆ ಹೋಯಿತು. ಅರಬ್ಬೀ ನಾಡುಗಳಿಗೆ ಹಣ ಹರಿದು ಬಂತು. ರಸ್ತೆ, ಆಸ್ಪತ್ರೆ, ಅರಮನೆ, ಕಾರ್ಖಾನೆ, ಎಲ್ಲವೂ ಒಮ್ಮೆಗೇ ಬೇಕು. ಸಿಮೆಂಟಿನಿಂದ ಹಿಡಿದು ಯಂತ್ರದ ಬಿಡಿಭಾಗದವರೆಗೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಬಂದರುಗಳು ಚಿಕ್ಕವು. 1975 ಮತ್ತು 1976ರಲ್ಲಿ ಜೆಡ್ಡಾದಂಥ ಬಂದರಿನ ಹೊರಗೆ ಹಡಗುಗಳು ತಿಂಗಳುಗಟ್ಟಲೆ ಸಾಲುಗಟ್ಟಿ ನಿಂತವು. ಸಿಮೆಂಟಿನ ಚೀಲಗಳನ್ನು ಹೆಲಿಕಾಪ್ಟರಿನಿಂದ ದಡಕ್ಕೆ ಇಳಿಸಿದ್ದೂ ಉಂಟು! ಇಂಥ ಹೊತ್ತಿನಲ್ಲಿ ಎರಡು ಮೂರು ವಾರದಲ್ಲಿ ಸಾಮಾನು ಮುಟ್ಟಿಸುವ ಲಾರಿಗೆ ಎಲ್ಲಿಲ್ಲದ ಬೆಲೆ ಬಂತು.

ದಾರಿ ಮೊದಲೇ ತಿಳಿದಿತ್ತು. 1964ರಲ್ಲಿ ಬಾಬ್ ಪಾಲ್ ಮತ್ತು ಮೈಕೇಲ್ ವುಡ್‌ಮನ್ ಎಂಬಿಬ್ಬರು ಇಂಗ್ಲೆಂಡಿನಿಂದ ಆಫ್ಘಾನಿಸ್ಥಾನದ ಕಾಬೂಲಿಗೆ ಲಾರಿಯಲ್ಲಿ ಸರಕು ಮುಟ್ಟಿಸಿದ್ದರು. ಅವರು ಕಟ್ಟಿದ ಕಂಪನಿಯೇ ಮುಂದೆ ಆಸ್ಟ್ರಾನ್ ಎಂದು ಹೆಸರಾಯಿತು. 1977ರಲ್ಲಿ ಬಿ.ಬಿ.ಸಿ.ಯವರು ಆ ಕಂಪನಿಯ ಚಾಲಕರ ಜೊತೆ ದೋಹಾದವರೆಗೆ ಹೋಗಿ ಚಿತ್ರ ತೆಗೆದು ತೋರಿಸಿದರು. ಅದನ್ನು ನೋಡಿ ಎಷ್ಟೋ ಇಂಗ್ಲಿಷ್ ತರುಣರು ಆ ಕೆಲಸಕ್ಕೆ ಮನಸ್ಸು ಮಾಡಿದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮಲ್ಲಿ ಮಾತ್ರ ಇರುವುದಲ್ಲ.

ಲಂಡನ್ನಿನಿಂದ ದೋಹಾಕ್ಕೆ ಸುಮಾರು ಏಳು ಸಾವಿರ ಕಿಲೋಮೀಟರು. ಲಾರಿಯನ್ನು ಹಡಗಿಗೆ ಹತ್ತಿಸಿ ಸಮುದ್ರ ದಾಟಬೇಕು. ಆ ಮೇಲೆ ಜರ್ಮನಿ, ಆಸ್ಟ್ರಿಯಾ, ಆಗಿನ ಯುಗೊಸ್ಲಾವಿಯಾ, ಬಲ್ಗೇರಿಯಾ, ತುರ್ಕಿ, ಸಿರಿಯಾ, ಜೋರ್ಡಾನ್, ಕಟ್ಟಕಡೆಗೆ ಸೌದಿ ಅರೇಬಿಯಾ. ಚಳಿಗಾಲದಲ್ಲಿ ತುರ್ಕಿಯ ಬೆಟ್ಟಗಳಲ್ಲಿ ಡೀಸೆಲು ಮೇಣದಂತೆ ಗಟ್ಟಿಯಾಗುತ್ತಿತ್ತು. ಟಾಂಕಿಯ ಕೆಳಗೆ ಬೆಂಕಿ ಹೊತ್ತಿಸಿ ಅದನ್ನು ಕರಗಿಸುತ್ತಿದ್ದರು. ಅದೇ ಚಾಲಕ ಬೇಸಗೆಯ ಸರದಿಯಲ್ಲಿ ಮರಳುಗಾಡಿಗೆ ಇಳಿದರೆ, ತಂಪು ಯಂತ್ರವಿಲ್ಲದ ಕ್ಯಾಬಿನಲ್ಲಿ ನಲವತ್ತೈದು ಡಿಗ್ರಿಗೂ ಮೀರಿದ ಸೆಕೆಯನ್ನು ತಡೆದುಕೊಳ್ಳಬೇಕು.

ಹೋಟೆಲಿನವರಾದ ನಮಗೆ ರುಚಿಸುವ ಒಂದು ಮಾತಿದೆ. ಈ ದಾರಿಯನ್ನು ಚಾಲಕರು ನೆನೆಯುವುದು ದೇಶಗಳ ಹೆಸರಿನಿಂದಲ್ಲ, ತಂಗುವ ಜಾಗಗಳ ಹೆಸರಿನಿಂದ. ಬೆಲ್‌ಗ್ರೇಡಿನ ನ್ಯಾಷನಲ್ ಹೋಟೆಲು, ಇಸ್ತಾಂಬುಲಿನ ಲೊಂಡ್ರಾ ಕ್ಯಾಂಪು. ಅಲ್ಲಿ ಸ್ನಾನ, ಬಿಸಿ ಊಟ. ಅದಕ್ಕಿಂತ ಹೆಚ್ಚಾಗಿ, ಸುದ್ದಿ. ಯಾವ ಗಡಿಯಲ್ಲಿ ಎಷ್ಟು ಸಾಲು ಇದೆ, ಯಾವ ರಸ್ತೆ ಕುಸಿದಿದೆ, ಯಾರ ಲಾರಿ ಕೆಟ್ಟು ನಿಂತಿದೆ ಎಂಬುದೆಲ್ಲ ಊಟದ ಮೇಜಿನ ಮೇಲೆಯೇ ತಿಳಿಯುತ್ತಿತ್ತು. ಟೆಲಿಫೋನು ದುರ್ಲಭವಾಗಿದ್ದ ಆ ಕಾಲದಲ್ಲಿ ಹೋಟೆಲೇ ಅವರ ಅಂಚೆ ಕಚೇರಿ. ಊರಿನಿಂದ ಬಂದವನು ಮೊದಲು ನಮ್ಮವರ ಹೋಟೆಲನ್ನು ಹುಡುಕುವ ಪರಿಪಾಠ ನಮ್ಮ ಮುಂಬಯಿಯಲ್ಲಿಯೂ ಇತ್ತಷ್ಟೆ? ಮುಂದೆ ಮರಳುಗಾಡಿನಲ್ಲಿ ಹೋಟೆಲು ಸಿಗುವುದು ಅಪರೂಪ. ಟ್ರೇಲರಿನ ಪಕ್ಕದ ಪೆಟ್ಟಿಗೆಯೇ ಅಡಿಗೆಮನೆ: ಒಂದು ಗ್ಯಾಸಿನ ಒಲೆ, ಡಬ್ಬಿಯ ಆಹಾರ, ನೀರಿನ ಕ್ಯಾನು, ಚಹಾ.

ಈಗ ಗಡಿಗಳ ವಿಚಾರಕ್ಕೆ ಬರೋಣ. ನನ್ನ ಭಾಷಣದ ತಿರುಳು ಇಲ್ಲಿದೆ.

ಈ ಲಾರಿಗಳ ಮುಂದೆ ನೀಲಿ ಹಲಗೆಯ ಮೇಲೆ ಬಿಳಿಯ ಅಕ್ಷರದಲ್ಲಿ ಟಿ.ಐ.ಆರ್. ಎಂದು ಬರೆದಿರುತ್ತಿತ್ತು. ಅದು ಒಂದು ಅಂತರರಾಷ್ಟ್ರೀಯ ಒಪ್ಪಂದ. ಹೊರಡುವಲ್ಲಿ ಸರಕಿಗೆ ಮೊಹರು ಹಾಕಿದರೆ, ನಡುವಿನ ದೇಶಗಳಲ್ಲಿ ಅದನ್ನು ಬಿಚ್ಚದೆ ಕಾಗದ ನೋಡಿ ಬಿಡಬೇಕು. ಹೇಳುವುದಕ್ಕೆ ಸುಲಭ. ಆದರೆ ತುರ್ಕಿಗೆ ಒಳಹೋಗುವ ಕಪಿಕುಲೆಯಲ್ಲಿ ಸಾಲು, ಸಿರಿಯಾದ ಬಾಗಿಲಾದ ಬಾಬ್ ಅಲ್ ಹವಾದಲ್ಲಿ ಸಾಲು, ಜೋರ್ಡಾನಿನ ರಮ್ತಾದಲ್ಲಿ ಸಾಲು. ಒಂದೊಂದು ಕಡೆ ಒಂದು ದಿನ, ಎರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಸೌದಿಯ ಸುಂಕದ ಕಟ್ಟೆಯಲ್ಲಿ ಮದ್ಯ ಅಡಗಿದೆಯೇ ಎಂದು ನೋಡಲು ಸಾಮಾನನ್ನೆಲ್ಲ ಕೆಳಗಿಳಿಸುವುದೂ ಉಂಟು. ಜರ್ಮನಿಯಲ್ಲಿ ಭಾನುವಾರ ಭಾರಿ ಲಾರಿಗಳು ಓಡಬಾರದು. ಅರಬ್ಬೀ ನಾಡಿನಲ್ಲಿ ಶುಕ್ರವಾರ ಕಚೇರಿ ಮುಚ್ಚಿರುತ್ತದೆ. ಅಧಿಕಾರಿಯ ಮೇಜಿಗೆ ಒಂದು ಸಿಗರೇಟಿನ ಪೊಟ್ಟಣ ಇಡದೆ ಕಾಗದ ಮುಂದೆ ಸರಿಯದ ಕಡೆಗಳೂ ಇದ್ದವು.

ಈ ಚಾಲಕರಲ್ಲಿ ಬಹಳ ಮಂದಿಗೆ ಪಗಾರ ತಿಂಗಳ ಲೆಕ್ಕದಲ್ಲಿ ಇರಲಿಲ್ಲ, ಖೇಪಿನ ಲೆಕ್ಕದಲ್ಲಿತ್ತು. ಒಂದು ಸಲ ಹೋಗಿ ಬಂದರೆ ಇಷ್ಟು. ಇನ್ನು ಕೆಲವರು ಕಂತಿನ ಸಾಲದ ಮೇಲೆ ಸ್ವಂತ ಲಾರಿ ಕೊಂಡವರು. ಅಂದ ಮೇಲೆ ಗಡಿಯಲ್ಲಿ ಕಳೆದ ಒಂದು ವಾರ ಯಾರ ಲೆಕ್ಕಕ್ಕೆ? ಸರಕಿನ ಧಣಿಯ ಲೆಕ್ಕಕ್ಕಲ್ಲ. ಸುಂಕದವನ ಲೆಕ್ಕಕ್ಕಂತೂ ಅಲ್ಲವೇ ಅಲ್ಲ. ಅದು ಚಾಲಕನ ಹೊಟ್ಟೆಯ ಲೆಕ್ಕಕ್ಕೆ.

ಹೋಟೆಲಿನ ಮಿತ್ರರೇ, ಇದು ನಿಮಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಮುಂಜಾನೆ ಐದಕ್ಕೆ ಎದ್ದು ಮಧ್ಯಾಹ್ನದವರೆಗೆ ದುಡಿದು, ನಡುವೆ ಮೂರು ತಾಸು ಬಿಡುವು ಎಂದು ಹೇಳಿ, ಮತ್ತೆ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ನಿಲ್ಲಿಸುತ್ತಾರಲ್ಲ, ಆ ಮೂರು ತಾಸು ಯಾರದು? ಮನೆಗೆ ಹೋಗಿ ಬರಲು ಸಾಲದು, ಪಗಾರಕ್ಕೆ ಸೇರದು. ಗಿರಣಿಯ ಬದಲಿ ಕೆಲಸಗಾರರು ಬೆಳಗ್ಗೆ ಬಾಗಿಲಲ್ಲಿ ನಿಂತು, ಇಂದು ಕೆಲಸವಿಲ್ಲ ಎಂದು ಕೇಳಿ ಹಿಂತಿರುಗಿದ ದಿನಗಳನ್ನು ಇಲ್ಲಿನ ಹಿರಿಯರು ಬಲ್ಲರು. ಕಾಯುವುದೂ ಒಂದು ದುಡಿಮೆಯೇ. ಅದಕ್ಕೆ ಕೂಲಿ ಕೊಡದವನು ಅಷ್ಟರಮಟ್ಟಿಗೆ ನಮ್ಮಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡಂತೆ.

ಇನ್ನು ಮರಳುಗಾಡು. ಸೌದಿಯ ಉತ್ತರ ಭಾಗದಲ್ಲಿ ಕೊಲ್ಲಿಯ ಕಡೆಯಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ ಎಣ್ಣೆ ಸಾಗಿಸಲು ಟ್ಯಾಪ್‌ಲೈನ್ ಎಂಬ ಉದ್ದನೆಯ ಕೊಳವೆಯನ್ನು ಹಾಕಿದ್ದರು. 1950ರಲ್ಲಿ ಅದು ಮುಗಿಯಿತು. ಉದ್ದ 1,200 ಕಿಲೋಮೀಟರಿಗೂ ಮಿಗಿಲು. ಕೊಳವೆಯ ಪಕ್ಕದಲ್ಲಿ ಅದರ ಕೆಲಸಕ್ಕೆಂದು ಮಾಡಿದ ರಸ್ತೆಯೇ ಲಾರಿಗಳಿಗೆ ಹೆದ್ದಾರಿಯಾಯಿತು. ತುರೈಫ್, ಬದನಾ, ರಫ್ಹಾ, ಕೈಸುಮಾ ಎಂಬ ಕಡೆಗಳಲ್ಲಿ ಎಣ್ಣೆಯನ್ನು ಮುಂದೆ ತಳ್ಳುವ ಪಂಪು ಠಾಣೆಗಳು. ನೀರು, ಔಷಧಿ ಸಿಗುವ ಆ ಠಾಣೆಗಳ ಸುತ್ತ ಊರುಗಳು ಬೆಳೆದವು. ಉಳಿದಂತೆ ದಿನವಿಡೀ ನೇರ ರಸ್ತೆ, ಒಂದೇ ಬಣ್ಣದ ನೆಲ. ಬಿಸಿಲಿಗೆ ಟೈರು ಸಿಡಿಯುವುದು, ರಾತ್ರಿ ದೀಪದ ಬೆಳಕಿಗೆ ಥಟ್ಟನೆ ಒಂಟೆ ಅಡ್ಡ ಬರುವುದು, ನಿದ್ದೆ ಹತ್ತಿ ಎದುರಿನ ಲಾರಿಗೆ ಬಡಿಯುವುದು. ರಸ್ತೆಯ ಎರಡೂ ಬದಿಗೆ ಬಿದ್ದಿದ್ದ ಮುರಿದ ವಾಹನಗಳನ್ನು ನೆನೆಯದ ಚಾಲಕನೇ ಇಲ್ಲ.

ಕತಾರಿನ ಅಂಚಿನಿಂದ ಅಬುಧಾಬಿಯ ಕಡೆಗೆ ಒಳ್ಳೆಯ ರಸ್ತೆ ಆಗುವ ಮೊದಲು ಬರೀ ಮರಳಿನ ಮೇಲೆ, ಹಿಂದಿನವರ ಚಕ್ರದ ಗುರುತು ನೋಡಿ ಹೋಗಬೇಕಾಗಿತ್ತು. ಅಲ್ಲಿ ಸಬ್ಖಾ ಎಂಬ ಉಪ್ಪಿನ ನೆಲವಿದೆ. ಮೇಲೆ ಒಣಗಿದ ಗಟ್ಟಿ ಪದರ, ಕೆಳಗೆ ಕೆಸರು. ನಂಬಿ ಚಕ್ರ ಇಟ್ಟರೆ ಅಚ್ಚಿನವರೆಗೆ ಹೂಳುತ್ತದೆ. ಮರಳು ದಾಟಲು ಟೈರಿನ ಗಾಳಿ ಇಳಿಸಿ ಓಡಿಸುವುದು, ಹೂತರೆ ಗುದ್ದಲಿ ಹಿಡಿದು ತೋಡಿ ಚಕ್ರದಡಿಗೆ ಹಲಗೆ ಕೊಡುವುದು, ಇವೂ ಚಾಲಕನ ಕೆಲಸಗಳೇ. ಇವಕ್ಕೂ ಬೇರೆ ಕೂಲಿಯಿಲ್ಲ. ಅಪಘಾತವಾದರೆ, ತಪ್ಪು ಯಾರದೆಂದು ತೀರ್ಮಾನವಾಗಿ ಪರಿಹಾರದ ಹಣ ಇತ್ಯರ್ಥವಾಗುವವರೆಗೆ ಚಾಲಕ ಸೆರೆಮನೆಯಲ್ಲಿ. ಭಾಷೆ ಬಾರದ ನಾಡಿನಲ್ಲಿ ಅವನ ಪರವಾಗಿ ಮಾತನಾಡುವವರು ಯಾರು? ದಾರಿಯ ನಡುವೆಯೇ ಧಣಿ ದಿವಾಳಿ ಎದ್ದು, ಡೀಸೆಲಿಗೂ ಕಾಸಿಲ್ಲದೆ ಪರದೇಶದಲ್ಲಿ ಉಳಿದವರ ಸಂಗತಿಯೂ ಈ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಾಗಾದರೆ ಇವರು ಬದುಕಿ ಬಂದದ್ದು ಹೇಗೆ? ಒಬ್ಬರಿಗೊಬ್ಬರು ಆಗಿದ್ದರಿಂದ. ನಿಂತ ಲಾರಿಯನ್ನು ನೋಡಿಯೂ ನೋಡದವನಂತೆ ಮುಂದೆ ಹೋಗಬಾರದು ಎಂಬುದು ಆ ದಾರಿಯ ಬರೆಯದ ಕಾನೂನು. ಇಬ್ಬರು ಮೂವರು ಜೊತೆಗೂಡಿ ಹೋಗುವರು, ರಾತ್ರಿ ಒತ್ತೊತ್ತಾಗಿ ಲಾರಿ ನಿಲ್ಲಿಸುವರು. ಒಬ್ಬನ ಬಿಡಿಭಾಗ ಇನ್ನೊಬ್ಬನ ಲಾರಿಗೆ. ಸಿಕ್ಕಿಬಿದ್ದವನ ಮನೆಗೆ ಸುದ್ದಿ ಮುಟ್ಟಿಸುವವನು ಹಿಂದಿರುಗುವ ಚಾಲಕ. ಕೆಟ್ಟ ಎಂಜಿನನ್ನು ಸರಿಮಾಡಿ ಚಹಾ ಕುಡಿಸಿದ ತುರ್ಕಿಯ ಮೇಸ್ತ್ರಿಯನ್ನೂ, ಮರಳಿನಲ್ಲಿ ಸಿಕ್ಕಿಕೊಂಡಾಗ ನೀರು ಕೊಟ್ಟ ಅರಬನನ್ನೂ ಅವರು ಇಂದಿಗೂ ನೆನೆಯುತ್ತಾರೆ. ಭಾಷೆ ಬೇರೆ, ಧರ್ಮ ಬೇರೆ. ಕೈಯ ಜಿಡ್ಡು ಒಂದೇ.

ಆದರೆ ಬಂಧುಗಳೇ, ಇಷ್ಟು ದೊಡ್ಡ ಸ್ನೇಹಕ್ಕೂ ಅವರ ಕೆಲಸವನ್ನು ಉಳಿಸಲು ಆಗಲಿಲ್ಲ. ಬಂದರುಗಳು ದೊಡ್ಡವಾದವು, ದುಬಾಯಿಯ ಜೆಬೆಲ್ ಅಲಿ 1979ರಲ್ಲಿ ತೆರೆಯಿತು. ಕಂಟೇನರು ಹಡಗುಗಳು ಬಂದವು. ಕಡಿಮೆ ಪಗಾರದ ತುರ್ಕಿ, ಬಲ್ಗೇರಿಯಾ ಮುಂತಾದ ದೇಶಗಳ ಲಾರಿಗಳಿಗೆ ಬಾಡಿಗೆ ಹೋಯಿತು. ದರ ಇಳಿಯುತ್ತ ಹೋಯಿತು. 1980ರ ದಶಕ ಮುಗಿಯುವಷ್ಟರಲ್ಲಿ ಆ ಭರಾಟೆ ಅಡಗಿತ್ತು; 1990ರಲ್ಲಿ ಕುವೈತಿನ ಯುದ್ಧ ಬಂದು ಉಳಿದದ್ದನ್ನೂ ಕೆಡಿಸಿತು. ಅಗ್ಗದ ಕೂಲಿಗೆ ಬಂದ ಪರದೇಶದ ಚಾಲಕನ ಮೇಲೆ ಕೆಲವರು ಸಿಟ್ಟಾದರು. ಆದರೆ ದರ ಗೊತ್ತುಮಾಡಿದವನು ಆ ಬಡ ಚಾಲಕನೇ? ಅವನೂ ಅದೇ ಸಾಲಿನಲ್ಲಿ ಕಾದವನು, ಅದೇ ಮರಳಿನಲ್ಲಿ ಹೂತವನು. ಕೆಟ್ಟ ಲಾರಿಯ ಮುಂದೆ ಒಂದಾದವರು ದರ ಗೊತ್ತುಮಾಡುವ ಮೇಜಿನ ಮುಂದೆ ಒಬ್ಬೊಬ್ಬರಾಗಿಯೇ ನಿಂತರು. ನನಗೆ ಕಂಡ ಕೊರತೆ ಇದೊಂದೇ.

ಇಂದು ಸೌದಿ, ಕತಾರು, ದುಬಾಯಿಗಳಲ್ಲಿ ಲಾರಿಯ ಚಕ್ರ ಹಿಡಿದವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು ಬಹಳ. ನಮ್ಮ ಕರಾವಳಿಯ ಮಕ್ಕಳೂ ಇದ್ದಾರೆ. ಕ್ಯಾಬಿಗೆ ತಂಪು ಯಂತ್ರ ಬಂದಿದೆ, ಕೈಯಲ್ಲಿ ಮೊಬೈಲು ಇದೆ, ರಸ್ತೆ ಅಗಲವಾಗಿದೆ. ಗಡಿಯ ಸಾಲು ಮಾತ್ರ ಇದ್ದೇ ಇದೆ. ಆದಕಾರಣ ಹೊರಡುವ ತಮ್ಮಂದಿರಿಗೆ ನನ್ನ ಮಾತು ಇಷ್ಟೆ: ಪಗಾರ ಎಷ್ಟು ಎಂದು ಕೇಳಿದ ಮೇಲೆ ಇನ್ನೂ ನಾಲ್ಕು ಪ್ರಶ್ನೆ ಕೇಳಿರಿ. ಪಗಾರ ತಿಂಗಳಿಗೋ, ಖೇಪಿಗೋ? ಕಾದ ದಿನಕ್ಕೆ ಕೂಲಿ ಉಂಟೋ? ಲಾರಿ ಕೆಟ್ಟರೆ, ಅಪಘಾತವಾದರೆ ಖರ್ಚು ಯಾರದು? ಮರಳಿ ಬರುವ ಟಿಕೇಟು ಯಾರದು? ಉತ್ತರ ಬಾಯಿಮಾತಿನಲ್ಲಿ ಬೇಡ, ನೀವು ಓದಬಲ್ಲ ಭಾಷೆಯಲ್ಲಿ ಕಾಗದದ ಮೇಲೆ ಇರಲಿ. ನಕಲು ಒಂದು ಮನೆಯಲ್ಲಿರಲಿ, ಒಂದು ಸಂಘದಲ್ಲಿರಲಿ. ಹತ್ತನೆಯ ತರಗತಿ ಮುಗಿಸದವರು ಕೊಲ್ಲಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರಕಾರದ ಅನುಮತಿ ಬೇಕು, ಏಜೆಂಟನು ನೋಂದಾಯಿತನಾಗಿರಬೇಕು. ಅದನ್ನು ತಪ್ಪಿಸಿ ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆ ಎನ್ನುವವನ ಕೈಗೆ ಹಣ ಕೊಡಬೇಡಿ. ಕಾಗದ ಓದಿಸಿಕೊಳ್ಳಲು ಸಂಘದ ಬಾಗಿಲಿಗೆ ಬನ್ನಿ. ರಾತ್ರಿ ಹನ್ನೊಂದರ ನಂತರ ಬಂದರೂ ಸರಿಯೇ, ನಮ್ಮವರ ಬಿಡುವಿನ ವೇಳೆ ನಮಗೆ ಗೊತ್ತು.

ಅಲ್ಲಿ ಹೋದ ಮೇಲೆ ದಾರಿಯಲ್ಲಿ ನಿಂತ ಲಾರಿ ಕಂಡರೆ, ಅದು ಯಾವ ದೇಶದವನದೇ ಆಗಿರಲಿ, ನೀವೂ ನಿಲ್ಲಿಸಿರಿ.