ಹಲಗೆಯ ದಾರಿ

ಎಸ್ಟೋನಿಯಾದ ಲಾಹೆಮಾ ರಾಷ್ಟ್ರೀಯ ಉದ್ಯಾನದಲ್ಲಿ ವಿರು ಎಂಬ ಜೌಗುನೆಲವಿದೆ. ನಡಿಗೆ ಸಲೀಸು, ಏರಿಲ್ಲ, ಇಳಿಜಾರಿಲ್ಲ, ಉದ್ದಕ್ಕೂ ಮರದ ಹಲಗೆ ಹಾಸಿದ ದಾರಿ. ಹಲಗೆ ಬಿಟ್ಟು ಕಾಲಿಟ್ಟಿರೋ, ಕೆಳಗೆ ನೀರೇ!

ಒಮ್ಮೆ ಬಗ್ಗಿ ನೋಡಬೇಕು. ಒಣ ತೂಕದ 20 ಪಟ್ಟಿನವರೆಗೂ ನೀರು ಹೀರಬಲ್ಲ ಸ್ಫ್ಯಾಗ್ನಮ್ ಪಾಚಿ. ಅದರ ನಡುವೆ ಕೆಂಪು ಕೂದಲ ತುದಿಯಲ್ಲಿ ಅಂಟುಹನಿ ಹೊತ್ತ ಡ್ರೊಸೆರಾ. ನೆಲದಲ್ಲಿ ಸಾರವಿಲ್ಲ, ಗಿಡವೇ ಬೇಟೆಗಿಳಿದಿದೆ; ಹುಳ ಕೂತರೆ ಕಥೆ ಮುಗಿಯಿತು. ಇದರ ಬಂಧುಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ.

ಗಾಳಿಯಾಡದ ಹುಳಿನೀರಿನಲ್ಲಿ ಸತ್ತ ಪಾಚಿ ಸುಲಭಕ್ಕೆ ಕೊಳೆಯದು. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಪೇರುತ್ತದೆ. ಅದೇ ಪೀಟ್. ಭೂಭಾಗದ ಶೇ. 3ರಷ್ಟಿರುವ ಇಂಥ ನೆಲ, ಜಗತ್ತಿನ ಕಾಡುಮರಗಳೆಲ್ಲಕ್ಕಿಂತ ಹೆಚ್ಚು ಇಂಗಾಲ ಹಿಡಿದಿಟ್ಟಿದೆ. ಅದನ್ನೇ ಅಗೆದು ಹೂಕುಂಡಕ್ಕೆ ತುಂಬುವುದೂ ಇದೆ, ವಿಚಿತ್ರ! ಈಗ ಅದರ ಬದಲಿಗೆ ದಕ್ಷಿಣ ಭಾರತದ ತೆಂಗಿನ ನಾರಿನ ಪುಡಿ ಯುರೋಪಿಗೆ ಹಡಗು ಹತ್ತುತ್ತಿದೆ.