ಆಸ್ಪತ್ರೆಯ ಲೆಕ್ಕ ಕೇಳುವವರು ಯಾರು?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ರಾತ್ರಿ ಬಾಗಿಲು ಹಾಕುವ ಮೊದಲು ಯಜಮಾನರು ಗಲ್ಲೆಯ ಲೆಕ್ಕ ಕೇಳಿಯೇ ಕೇಳುತ್ತಾರೆ. ಹತ್ತು ರೂಪಾಯಿ ಕಡಿಮೆ ಬಿದ್ದರೂ ನಮಗೆ ಬಿಡುಗಡೆಯಿಲ್ಲ. ಹಾಗಾದರೆ ಆಸ್ಪತ್ರೆಯ ಲೆಕ್ಕ ಕೇಳುವವರು ಯಾರು? ನಾನು ಹೇಳುತ್ತಿರುವುದು ಹಣದ ಲೆಕ್ಕವನ್ನಲ್ಲ. ಬಂದ ರೋಗಿಯನ್ನು ಹೇಗೆ ನೋಡಿಕೊಂಡರು, ಎಷ್ಟು ದಿನ ಕಾಯಿಸಿದರು ಎಂಬ ಲೆಕ್ಕವನ್ನು.

ಈ ಪ್ರಶ್ನೆ ನನ್ನದಲ್ಲ. ದೋಸೆ ಕಾವಲಿಯ ಮುಂದೆ ನಿಲ್ಲುವ ನಮ್ಮ ಸದಸ್ಯರೊಬ್ಬರದು. ಅವರ ಮಗನಿಗೆ ಐದು ವರ್ಷ. ಮಾತು ಬಂದಿಲ್ಲ, ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಸೋಡಾ ಬಾಟಲಿಯ ಮುಚ್ಚಳಗಳನ್ನು ಗಂಟೆಗಟ್ಟಲೆ ಸಾಲಾಗಿ ಜೋಡಿಸುತ್ತಾನೆ. ಆಟಿಸಂ ಇರಬಹುದು, ಪರೀಕ್ಷೆಯಾಗಬೇಕು ಎಂದು ಯಾರೋ ಹೇಳಿದರು. ಎಂಟು ತಿಂಗಳಲ್ಲಿ ಆರು ಸಲ ಒಂದು ಆಸ್ಪತ್ರೆಗೆ ಅಲೆದರು. ಪ್ರತಿ ಸಲವೂ ಅರ್ಧ ದಿನದ ಪಗಾರ ಖೋತಾ, ಪ್ರತಿ ಸಲವೂ "ಡಾಕ್ಟರು ಬದಲಾಗಿದ್ದಾರೆ, ಮುಂದಿನ ತಿಂಗಳು ಬನ್ನಿ" ಎಂಬ ಉತ್ತರ. "ಯಾರನ್ನು ಕೇಳಲಿ ಅಣ್ಣಾ?" ಎಂದು ಅವರು ನನ್ನನ್ನು ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡೆ. ಆಮೇಲೆ ಓದತೊಡಗಿದೆ. ಓದಿದ್ದರಲ್ಲಿ ಇಂಗ್ಲೆಂಡಿನ ಸಂಗತಿ ನಿಮಗೆ ಹೇಳತಕ್ಕದ್ದೆಂದು ತೋರಿತು.

ಅಲ್ಲಿ ಸರ್ಕಾರಿ ವೈದ್ಯಸೇವೆ ೧೯೪೮ರಿಂದ ನಡೆದಿದೆ. ಅದನ್ನು ನಡೆಸುವುದು ಊರಿನ ಕೌನ್ಸಿಲ್ ಅಲ್ಲ. ಹೀಗಿದ್ದೂ ೨೦೦೧ರ ಒಂದು ಕಾನೂನು ಕೌನ್ಸಿಲಿಗೆ ಒಂದು ಹಕ್ಕನ್ನು ಕೊಟ್ಟಿತು. ಅದು ೨೦೦೩ರಲ್ಲಿ ಜಾರಿಗೆ ಬಂತು. ಚುನಾಯಿತ ಸದಸ್ಯರ ಒಂದು ಪರಿಶೀಲನಾ ಸಮಿತಿ ಆಸ್ಪತ್ರೆಯ ಅಧಿಕಾರಿಗಳನ್ನು ಕರೆಸಿ, ಎದುರಿಗೆ ಕೂರಿಸಿ ಪ್ರಶ್ನಿಸಬಹುದು. ಅಂಕಿಸಂಖ್ಯೆಗಳನ್ನು ಕೊಡಿ ಎನ್ನಬಹುದು. ಮನೋರೋಗದ ವಾರ್ಡೊಂದನ್ನು ಮುಚ್ಚುವಂಥ ದೊಡ್ಡ ಬದಲಾವಣೆಗೆ ಮೊದಲು ಈ ಸಮಿತಿಯ ಅಭಿಪ್ರಾಯ ಕೇಳಲೇಬೇಕು. ಕೌನ್ಸಿಲಿನಲ್ಲಿ ಅಧಿಕಾರ ನಡೆಸುವ ಸದಸ್ಯರು ಇದರಲ್ಲಿ ಕೂರುವಂತಿಲ್ಲ. ಸಭೆಯಲ್ಲಿ ಸಾರ್ವಜನಿಕರು ಹೋಗಿ ಕೂರಬಹುದು.

ಆಟಿಸಂಗೆಂದೇ ಅಲ್ಲಿ ೨೦೦೯ರಲ್ಲಿ ಬೇರೊಂದು ಕಾನೂನೂ ಆಯಿತು. ಅರ್ಜಿ ಬಂದ ಮೂರು ತಿಂಗಳೊಳಗೆ ಪರೀಕ್ಷೆ ಆರಂಭವಾಗಬೇಕೆಂದು ಅಲ್ಲಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ೨೦೨೫ರಲ್ಲಿ ಕಾಯುವವರ ಪಟ್ಟಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದರು! ಶ್ರೀಮಂತ ದೇಶವಾದ ಮಾತ್ರಕ್ಕೆ ಸಾಲು ಕರಗುವುದಿಲ್ಲ ನೋಡಿ. ಒಂದು ವ್ಯತ್ಯಾಸ ಮಾತ್ರ ಇದೆ: ಸಾಲು ಎಷ್ಟು ಉದ್ದವೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ನಮ್ಮ ದೋಸೆಯವರ ಮುಂದೆ ಎಷ್ಟು ಮಕ್ಕಳಿದ್ದಾರೆಂದು ಅವರಿಗೆ ಯಾರೂ ಹೇಳಿಲ್ಲ.

ಸಮಿತಿಯಿದ್ದರೆ ಸಾಕೇ? ಸಾಲದು. ೨೦೧೧ರಲ್ಲಿ ಬ್ರಿಸ್ಟಲ್ ನಗರದ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ, ಬುದ್ಧಿ ಬೆಳವಣಿಗೆ ಕಡಿಮೆಯಿದ್ದವರನ್ನೂ ಆಟಿಸಂ ಇದ್ದವರನ್ನೂ ಸಿಬ್ಬಂದಿಯೇ ಹೊಡೆದು ಹಿಂಸಿಸುತ್ತಿದ್ದುದನ್ನು ಬಿಬಿಸಿ ಗುಪ್ತವಾಗಿ ಚಿತ್ರಿಸಿ ತೋರಿಸಿತು. ಅದಕ್ಕೂ ಮೊದಲೇ ಒಬ್ಬ ನರ್ಸು ದೂರು ಕೊಟ್ಟಿದ್ದರು, ಕೇಳಿದವರಿಲ್ಲ. ಹನ್ನೊಂದು ಮಂದಿ ತಪ್ಪೊಪ್ಪಿಕೊಂಡರು, ಆರು ಮಂದಿ ಸೆರೆಮನೆಗೆ ಹೋದರು. ರೋಗಿಗಳಲ್ಲಿ ಹಲವರು ದೂರದ ಊರುಗಳಿಂದ ಬಂದವರು. ತಂದೆತಾಯಿ ದಿನವೂ ಬಂದು ನೋಡುವಂತಿರಲಿಲ್ಲ. ಊರು ಬಿಟ್ಟು ಬಂದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇನ್ನೊಂದು ಸಂಗತಿ ಮನೋರೋಗದ ಆಸ್ಪತ್ರೆಯದಲ್ಲ, ಸ್ಟ್ಯಾಫರ್ಡ್ ಎಂಬ ಊರಿನ ಸಾಮಾನ್ಯ ಆಸ್ಪತ್ರೆಯದು. ಆದರೂ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಹೋಟೆಲಿನ ಮಾತಿದೆ. ಅಲ್ಲಿ ರೋಗಿಗಳ ಆರೈಕೆ ಬಹಳ ಕೆಟ್ಟಿತ್ತು. ಕೌನ್ಸಿಲಿನ ಸಮಿತಿಗಳು ಇದ್ದವು, ಸಭೆಗಳೂ ಸೇರಿದವು. ಆದರೆ ಆಸ್ಪತ್ರೆಯವರು ಹೇಳಿದ ಸಮಾಧಾನವನ್ನು ನಂಬಿ ಕುಳಿತವು. ೨೦೧೩ರ ವಿಚಾರಣಾ ವರದಿ ಅವುಗಳನ್ನೂ ಬಿಡದೆ ಟೀಕಿಸಿತು. ಹಾಗಾದರೆ ಗುಟ್ಟನ್ನು ಹೊರಗೆಳೆದವರಾರು? ಆ ಆಸ್ಪತ್ರೆಯಲ್ಲಿ ೨೦೦೭ರಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೇಯ್ಲಿ ಎಂಬಾಕೆ. ಆಕೆ ಅದೇ ಊರಿನಲ್ಲಿ ಒಂದು ಸಣ್ಣ ಚಹಾ ಹೋಟೆಲು ನಡೆಸುತ್ತಿದ್ದರು. ಅವರಂತೆಯೇ ನೊಂದವರು ಆ ಹೋಟೆಲಿನ ಮೇಜುಗಳ ಸುತ್ತಲೇ ಸೇರುತ್ತಿದ್ದರು.

ಈಗ ಮುಂಬಯಿಗೆ ಬರೋಣ. ಕೆ.ಇ.ಎಂ., ನಾಯರ್, ಸಯನ್ ಆಸ್ಪತ್ರೆಗಳು ನಗರಪಾಲಿಕೆಯವು. ಠಾಣೆಯ ಮಾನಸಿಕ ಆಸ್ಪತ್ರೆ ರಾಜ್ಯ ಸರ್ಕಾರದ್ದು. ಪಾಲಿಕೆಯಲ್ಲಿ ಆರೋಗ್ಯ ಸಮಿತಿಯೆಂಬುದೊಂದು ಇದೆ. ಆದರೆ ೨೦೨೨ರ ಮಾರ್ಚಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಮೀರಿ ಆಯುಕ್ತರೇ ಆಡಳಿತಗಾರರಾಗಿದ್ದರು. ೨೦೨೬ರ ಜನವರಿಯಲ್ಲಷ್ಟೇ ಮತದಾನವಾಯಿತು. ಅಷ್ಟು ಕಾಲ ನಮ್ಮ ವಾರ್ಡಿನ ಪರವಾಗಿ ಸಭೆಯಲ್ಲಿ ಎದ್ದು ನಿಂತು ಕೇಳುವ ಒಬ್ಬ ನಗರಸೇವಕರೂ ಇರಲಿಲ್ಲ. ರಸ್ತೆಯ ಹೊಂಡ ಕಣ್ಣಿಗೆ ಕಾಣುತ್ತದೆ, ಜನ ಕೂಗುತ್ತಾರೆ. ಮಾತು ಬಾರದ ಮಗುವಿಗಾಗಿ ಕೂಗುವವರು ಯಾರು?

ಕಾನೂನು ನಮ್ಮನ್ನು ಪೂರಾ ಕೈಬಿಟ್ಟಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಯ ದೂರು ಕೇಳಲು ಪರಿಶೀಲನಾ ಮಂಡಳಿಗಳಿರಬೇಕು. ರೋಗಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಆಟಿಸಂ ಇದ್ದವರಿಗಾಗಿ ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಮೇರೆಗೆ ಜಿಲ್ಲೆಯ ಮಟ್ಟದ ಸಮಿತಿಯಿದೆ. ಅದರಲ್ಲಿ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು, ಒಂದು ಸಂಸ್ಥೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇರುತ್ತಾರೆ. ತಂದೆತಾಯಿಯ ನಂತರ ಇಂಥವರನ್ನು ನೋಡಿಕೊಳ್ಳುವ ಪೋಷಕರನ್ನು ಅದು ನೇಮಿಸುತ್ತದೆ. ಪೋಷಕರು ದುರ್ವರ್ತಿಸಿದರೆ ದೂರು ಕೇಳಿ ತೆಗೆದುಹಾಕುತ್ತದೆ. ಆದರೆ ಪರೀಕ್ಷೆಯ ಸಾಲು ಏಕೆ ಮುಂದೆ ಹೋಗುತ್ತಿಲ್ಲವೆಂದು ಕೇಳಬೇಕಾದದ್ದು ಪಾಲಿಕೆಯ ಸಭೆಯೇ.

ಆದಕಾರಣ ನಮ್ಮ ವಾರ್ಡಿನ ನಗರಸೇವಕರಿಗೆ ಸಂಘದಿಂದ ಒಂದು ಅರ್ಜಿ ಬರೆಯೋಣವೆಂದು ಸೂಚಿಸುತ್ತೇನೆ. ಅದರಲ್ಲಿ ಎರಡೇ ಪ್ರಶ್ನೆಗಳಿರಲಿ: ಪಾಲಿಕೆಯ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಎಷ್ಟು ಮಕ್ಕಳು ಕಾಯುತ್ತಿದ್ದಾರೆ? ಎಷ್ಟು ತಿಂಗಳಿಂದ? ಮನೆಯಲ್ಲಿ ಇಂಥ ಮಗು ಇದ್ದವರು, ಮನೋರೋಗಿ ಇದ್ದವರು, ನಾಚಿಕೆ ಬಿಟ್ಟು ಆಸ್ಪತ್ರೆಯ ಚೀಟಿಗಳನ್ನು ತನ್ನಿರಿ; ತಾರೀಖುಗಳು ಬೇಕು. ಹೋಟೆಲಿನವರಿಗೆ ಭಾನುವಾರ ಬಿಡುವಿಲ್ಲವೆಂದು ಬಲ್ಲೆ. ಬುಧವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಾನು ಸಂಘದ ಕಚೇರಿಯಲ್ಲಿ ಕುಳಿತಿರುತ್ತೇನೆ. ನಮ್ಮ ದೋಸೆಯವರು ಆರು ಚೀಟಿಗಳನ್ನು ಈಗಾಗಲೇ ಕೊಟ್ಟಿದ್ದಾರೆ.