ನಮ್ಮೂರಿಗೆ ಮನೋವೈದ್ಯರೂ ಬೇಕು



ನಾನು ಓದಿದ್ದು ಬಿ.ಇ.; ಆದರೆ ಇವತ್ತಿನ ಮಾತು ಡಾಕ್ಟರಾಗಬೇಕೆನ್ನುವ ನಮ್ಮ ಶಾಲೆಯ ಮಕ್ಕಳಿಗೆ. ಎಂ.ಬಿ.ಬಿ.ಎಸ್. ಓದಿದವರ ಇಂಟರ್ನ್‌ಶಿಪ್ 52 ವಾರ. 2021ರ ನಿಯಮದಂತೆ ಅದರಲ್ಲಿ ಮನೋವೈದ್ಯಕೀಯಕ್ಕೆ ಎರಡೇ ವಾರ. ಸರಿಯಾಗಿ ನೋಡಲೂ ಸಿಗದ ವಿಭಾಗವನ್ನು ಯಾರು ತಾನೇ ಆರಿಸಿಕೊಂಡಾರು?

ದಾರಿ ನಮ್ಮ ನಾಡಲ್ಲೇ ಇದೆ. ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆ ತಂಡಗಳ ಜೊತೆ ವೈದ್ಯ ವಿದ್ಯಾರ್ಥಿಗಳೂ ಹಳ್ಳಿಗೆ ಬರಲಿ.

ಅವರು ಬಂದಾಗ, ಊರವರೇ, ಗಾಳಿ ಸೋಕಿದೆ ಎಂದು ಕಾಯಿಲೆ ಮುಚ್ಚಿಡಬೇಡಿ. ಮಕ್ಕಳೇ, ನಿಮ್ಮಲ್ಲೊಬ್ಬರಾದರೂ ಮನೋವೈದ್ಯರಾಗಿ ಊರಿಗೆ ಬನ್ನಿ.